ಹನ್ನೊಂದು ನುಡಿಯ ಜೋಗುಳ

ಮಳೆಯೆಣಿಕೆ ೧೪೨ನೆಯ ವರ್ಷ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ
ಕಪ್ಪತಗುಡ್ಡದ ಅಡಿಯ ಗಾಳಿಯೂರು

ಹೆಸರು ತಿಳಿಯದ ಹಿರಿಯರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ನಾವು ವರ್ಷಗಳನ್ನು ಎಣಿಸುವುದು ದೊಡ್ಡ ಬರದ ನಂತರ ಮಳೆ ತಿರುಗಿ ಬಂದ ದಿನದಿಂದ. ಹದಿಮೂರನೆಯ ತಿಂಗಳಿಗೆ ಐದೇ ದಿನ. ಆ ಐದು ದಿನ ಹಳೆಯ ಕೆಲಸ ಮುಗಿಸಬಹುದು, ಹೊಸದನ್ನು ಹಿಡಿಯುವಂತಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ಅಪರಿಚಿತವಾಗಿ ಕೇಳಿಸಿದರೆ ಕ್ಷಮಿಸಿ. ಅವು ನನಗೆ ಎಷ್ಟು ಸಹಜವೆಂದರೆ, ಯಾವುದನ್ನು ವಿವರಿಸಬೇಕು, ಯಾವುದನ್ನು ಬಿಡಬೇಕು ಎಂಬುದೇ ತಿಳಿಯುತ್ತಿಲ್ಲ.

ನಮ್ಮಲ್ಲಿ ಸಾಹಿತ್ಯ ಓದಿ ಮುಗಿಸಿದವರು ಒಂದು ವರ್ಷ ಕೆಲಸ ಕಲಿತು, ವೃತ್ತಿಗೆ ಕೂರುವ ಮೊದಲು ಒಂದು ಹಿಂದೋಲೆ ಬರೆಯಬೇಕು. ಹಿಂದೋಲೆ ಎಂದರೆ ಹಿಂದಿನ ಕಾಲದವರಿಗೆ ಬರೆಯುವ ಓಲೆ. ಅದು ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಉತ್ತರವಂತೂ ಈವರೆಗೆ ಯಾರಿಗೂ ಬಂದಿಲ್ಲ. ಪಕ್ಕದ ಮನೆಯವರೊಡನೆ ಮಾತಾಡಲೂ ಎರಡು ಸಲ ಬಾಗಿಲ ತನಕ ಹೋಗಿ ಹಿಂದಿರುಗುವ ನನಗೆ ಇದು ಅನುಕೂಲವೇ ಆಯಿತು.

ನಿಮ್ಮ ಕಾಲದ ಕಾಗದಪತ್ರಗಳಲ್ಲಿ ಒಂದು ಜಗಳ ಮತ್ತೆ ಮತ್ತೆ ಎದುರಾಗುತ್ತದೆ. ಬರೆಯುವುದನ್ನು, ಹಾಡುವುದನ್ನು ವೃತ್ತಿ ಎನ್ನಬಹುದೇ? ವೃತ್ತಿಯಾದ ಮೇಲೆ ಅದರಲ್ಲಿ ಜೀವ ಉಳಿಯುತ್ತದೆಯೇ? ಇದನ್ನು ತೀರ್ಮಾನಿಸುವಷ್ಟು ದೊಡ್ಡವಳು ನಾನಲ್ಲ. ಒಬ್ಬ ಹೆಂಗಸು ಕೆಲಸ ಮಾಡುವುದನ್ನು ಒಂದು ವರ್ಷ ಹತ್ತಿರದಿಂದ ನೋಡಿದ್ದೇನೆ. ಅದನ್ನು ಮಾತ್ರ ಹೇಳುತ್ತೇನೆ.

ಅವರ ಹೆಸರು ದ್ಯಾಮವ್ವ ಡಂಬಳ. ವಯಸ್ಸು ಎಪ್ಪತ್ತೆರಡು. ನಮ್ಮೂರ ತೂಗುಮನೆಯ ಹಿರಿಯರು. ತೂಗುಮನೆ ಎಂದರೆ ಜೋಗುಳ ಕಟ್ಟುವವರು ಕೂತು ಕೆಲಸ ಮಾಡುವ ಜಾಗ. ಕೇಳಿದ್ದನ್ನು ಕೇಳಿದ ಕ್ಷಣದಲ್ಲಿ ಬರೆದುಕೊಡುವ, ಹಾಡಿ ಕೊಡುವ ಒದಗಣಿ ಎಂಬ ಯಂತ್ರ ನಮ್ಮ ಪ್ರತಿ ಮನೆಯಲ್ಲೂ ಇದೆ. ಅದರ ಜೋಗುಳಗಳು ಕೆಟ್ಟದಾಗಿಯೇನೂ ಇರುವುದಿಲ್ಲ. ಆದರೆ ಅದೇ ಹಾಡಿಬಿಡುವುದರಿಂದ ಒಂದು ತಲೆಮಾರಿನವರ ಬಾಯಿಗೆ ಹಾಡುವುದೇ ಮರೆತುಹೋಯಿತು. ಆಗ ಊರು ಒಂದು ಪದ್ಧತಿ ಮಾಡಿಕೊಂಡಿತು. ಹುಟ್ಟಿದ ಪ್ರತಿ ಕೂಸಿಗೂ ಒಂದು ಹೊಸ ಜೋಗುಳ. ಅದನ್ನು ಕಟ್ಟುವುದು ಕೂಸಿಗಾಗಿ ಅಲ್ಲ, ಹಾಡುವವರ ಬಾಯಿಗಾಗಿ. ಕಟ್ಟುವವರು ಮೊದಲು ಮೂರು ದಿನ ಆ ಮನೆಯ ಮೂಲೆಯಲ್ಲಿ ಸುಮ್ಮನೆ ಕೂರಬೇಕು. ಇವಕ್ಕೆ ಕೇಳುದಿನಗಳು ಎನ್ನುತ್ತೇವೆ. ಹಾಡಿಗೆ ಕಟ್ಟಿದವರ ಹೆಸರು ಇರುವುದಿಲ್ಲ, ಹಾಡುವವರ ಹೆಸರಿರುತ್ತದೆ. ದ್ಯಾಮವ್ವ ನಾನೂರಕ್ಕೂ ಹೆಚ್ಚು ಹಾಡು ಕಟ್ಟಿದ್ದಾರೆ. ಅವರ ಹೆಸರಿನದು ಒಂದೂ ಇಲ್ಲ.

ನಾನು ಕಲಿಯಲು ಸೇರಿದ ಹೊಸದರಲ್ಲಿ ಅವರು ದಿನವೂ ಒಂದೇ ಹೊತ್ತಿಗೆ ಬಂದು ಕೂರುವುದನ್ನು ಕಂಡು ನನಗೆ ಸ್ವಲ್ಪ ನಿರಾಸೆಯಾಗಿತ್ತು. ಕಿಟಕಿಯಾಚೆ ನೋಡುತ್ತಾ ಕೂರುವವರು, ಹೊಳೆದಾಗ ಎದ್ದು ಬರೆಯುವವರು ಎಂದೇನೋ ಕಲ್ಪಿಸಿಕೊಂಡಿದ್ದೆ. ಮೂಗು ಕಟ್ಟಿದ ದಿನವೂ ಬಂದರು, ತಂಗಿಯೊಡನೆ ಜಗಳವಾಡಿಕೊಂಡ ದಿನವೂ ಬಂದರು. ಒಮ್ಮೆ ಮನಸ್ಸು ಹದಕ್ಕೆ ಬಂದಿಲ್ಲವೆಂದು ನಾನು ಹಿಂಜರಿಯುತ್ತಾ ಹೇಳಿದಾಗ, ಕೂಸು ಅಳುವುದಕ್ಕೂ ಹದ ನೋಡುವುದಿಲ್ಲ ಎಂದು ಹೇಳಿ ತಮ್ಮ ಕೆಲಸಕ್ಕೆ ತಿರುಗಿದರು.

ನನ್ನ ಮೊದಲ ಹಾಡು ಹನಮಕ್ಕ ಮತ್ತು ಸೋಮನಿಂಗ ಎಂಬ ದಂಪತಿಯ ಮನೆಗೆ. ಹನಮಕ್ಕ ಗಾಳಿಗೋಪುರ ಏರುವವಳು. ಗುಡ್ಡದ ಮೇಲೆ ಮುಗಿಲಿಗೆ ನಿಂತ ಆ ಗೋಪುರಗಳ ರೆಕ್ಕೆ ಸರಿಮಾಡುವುದು ಅವಳ ಕೆಲಸ. ಹೆತ್ತವಳು ನಲವತ್ತನೆಯ ದಿನ ಮರಳಿ ಏರದಿದ್ದರೆ ಅವಳ ಗೋಪುರ ಬೇರೆಯವರಿಗೆ ಹೋಗುತ್ತದೆ, ಅವಳಿಗೆ ನೆಲದ ಕೆಲಸ. ನಿದ್ದೆಗೆಟ್ಟವರನ್ನು ಏರಲು ಬಿಡುವುದೂ ಇಲ್ಲ, ಕಣ್ಣು ನೋಡಿಯೇ ಹಗ್ಗ ಕೊಡುತ್ತಾರೆ. ಕೂಸೋ ತಾಯಿಯ ಎದೆಯ ಮೇಲಲ್ಲದೆ ಬೇರೆಲ್ಲೂ ಮಲಗುತ್ತಿರಲಿಲ್ಲ. ಹಾಗಾಗಿ ಹಾಡಬೇಕಾದವನು ಸೋಮನಿಂಗ. ಮಾತು ಕಡಿಮೆಯ ಮನುಷ್ಯ, ಒಮ್ಮೆಯೂ ಹಾಡಿದವನಲ್ಲ.

ಮೂರು ದಿನ ಮೂಲೆಯಲ್ಲಿ ಕೂತು ನಾನು ಎಲ್ಲವನ್ನೂ ನೋಡಿದೆ ಎಂದುಕೊಂಡೆ. ರೆಕ್ಕೆಯ ನೆರಳು ಗೋಡೆಯ ಮೇಲೆ ಹಾದುಹೋಗುವುದನ್ನು ನೋಡಿದೆ. ಹನಮಕ್ಕನ ಅಂಗೈಯಲ್ಲಿ ಹಗ್ಗ ಎಳೆದ ಗೆರೆಗಳು ಮಾಸುತ್ತಿದ್ದುದನ್ನು, ಅವಳು ಆಗಾಗ ಅದನ್ನೇ ನೋಡಿಕೊಳ್ಳುತ್ತಿದ್ದುದನ್ನು ನೋಡಿದೆ. ಆಮೇಲೆ ಹನ್ನೊಂದು ನುಡಿಯ ಜೋಗುಳ ಕಟ್ಟಿದೆ. ಅವ್ವ ಎಲ್ಲಿಗೆ ಹೋದಳು ಎಂದು ಕೂಸು ಗಾಳಿಯನ್ನು ಕೇಳುತ್ತದೆ, ಗಾಳಿ ಮೋಡವನ್ನು ಕೇಳುತ್ತದೆ, ಮೋಡ ಹದ್ದನ್ನು. ಒಂದು ನುಡಿಯ ಕೊನೆಯ ಪ್ರಶ್ನೆಗೆ ಮುಂದಿನ ನುಡಿಯಲ್ಲಿ ಉತ್ತರ. ತೂಗುಮನೆಯಲ್ಲಿ ಓದಿದಾಗ ಇನ್ನಿಬ್ಬರು ಹಿರಿಯರು ಹೊಗಳಿದರು, ಒಬ್ಬರು ಕಣ್ಣೊರೆಸಿಕೊಂಡರು. ದ್ಯಾಮವ್ವ ಹಾಳೆಯನ್ನು ಮಡಿಸಿ ನನಗೇ ಹಿಂದಿರುಗಿಸಿದರು. ಮೊದಲ ಹಾಡನ್ನು ಯಾರೂ ತಿದ್ದಬಾರದು, ಅದು ಕಟ್ಟಿದ ಹಾಗೆಯೇ ಮನೆಗೆ ಹೋಗಬೇಕು ಎಂಬುದು ನಮ್ಮಲ್ಲಿನ ನಿಯಮ.

ಮೂವತ್ತಾರನೆಯ ದಿನ ನಾವಿಬ್ಬರೂ ಆ ಮನೆಗೆ ಹೋದೆವು. ಹಾಡಿ ಹಾಡಿ ಸೋಮನಿಂಗನ ದನಿ ಒಡೆದಿತ್ತು. ಅವನ ಹೆಗಲ ಮೇಲಿನ ಕೂಸು ಎರಡೂ ಕಣ್ಣು ಅಗಲ ತೆರೆದು ನಮ್ಮನ್ನೇ ನೋಡುತ್ತಿತ್ತು. ಹನಮಕ್ಕನ ಕಣ್ಣು ಕೆಂಪಾಗಿತ್ತು. ಅವಳು ನನಗೆ ನೋವಾಗದಂತೆಯೇ ಹೇಳಲು ನೋಡಿದಳು.

"ಹಾಡೇನೊ ಭಾಳ ಛಂದ ಐತಿ ತಂಗಿ. ಅದಕ್ಕ ಯಾರೂ ಮಕ್ಕೊಳ್ಳವಲ್ರು. ಒಂದೊಂದ ನುಡಿ ಮುಗದಾಗೂ ಇಂವ ದನಿ ಏರಸ್ತಾನ, ಅದು ಕಣ್ ಬಿಡತೈತಿ. ಒಳಗ ಮಕ್ಕೊಂಡ ನಾನೂ ಹದ್ದು ಏನಂತೈತೊ ಅಂತ ಕಾಯಕೋಂತ ಇರತೀನಿ."

ನೆಲ ಬಿರಿದು ನನ್ನನ್ನು ಒಳಗೆ ಎಳೆದುಕೊಳ್ಳಬಾರದೇ ಎನ್ನಿಸಿತು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಕೂಸಿನ ಮೇಲೆ ಸಿಟ್ಟು ಬಂದಿತ್ತು. ಏರುವ ದಿನಕ್ಕೆ ಉಳಿದದ್ದು ನಾಲ್ಕೇ ದಿನ. ನನ್ನ ಹಾಡಿನಿಂದ ಒಬ್ಬ ಹೆಂಗಸಿನ ಗೋಪುರ ಹೋಗುವುದರಲ್ಲಿತ್ತು.

ದ್ಯಾಮವ್ವ ಹಾಡಿನ ಮಾತನ್ನೇ ಎತ್ತಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ದಿನವೂ ಹೇಗೆ ಅಡ್ಡಾಡುತ್ತೀಯೋ ಹಾಗೇ ಅಡ್ಡಾಡು ಎಂದು ಸೋಮನಿಂಗನಿಗೆ ಹೇಳಿದರು. ಅವನು ಅಂಗಳದಲ್ಲಿ ನಡೆಯತೊಡಗಿದ. ಮಂಡಿ ನೋವಿನ ಆ ಮುದುಕಿ ಅವನ ಹಿಂದೆಯೇ, ಅವನು ಕಾಲಿಟ್ಟಲ್ಲೇ ಕಾಲಿಡುತ್ತಾ ನಡೆದರು. ಎಷ್ಟು ಸುತ್ತೋ ನಾನು ಎಣಿಸಲಿಲ್ಲ. ಹನಮಕ್ಕ ಬಾಗಿಲಲ್ಲಿ ನಿಂತು, ಒಬ್ಬರ ಕೂಸು ಮಲಗಿಸಲು ಇಬ್ಬರು ತಿರುಗುತ್ತಿದ್ದಾರೆ ಎಂದು ನಕ್ಕಳು. ಆಗ ನಾನು ಮೊದಲ ಸಲ ಕಂಡೆ: ಸೋಮನಿಂಗ ನಾಲ್ಕು ಹೆಜ್ಜೆಗೊಮ್ಮೆ ಒಂದು ಗಳಿಗೆ ನಿಲ್ಲುತ್ತಾನೆ, ಉಸಿರು ಬಿಡುತ್ತಾನೆ, ಮತ್ತೆ ನಡೆಯುತ್ತಾನೆ. ಮೂರು ದಿನ ಗೋಡೆಯ ಮೇಲಿನ ನೆರಳು ನೋಡಿದ ನಾನು ಇದನ್ನು ನೋಡಿರಲಿಲ್ಲ. ನನ್ನ ಸಾಲುಗಳೆಲ್ಲ ಅವನು ನಿಲ್ಲುವಲ್ಲಿ ಓಡುತ್ತಿದ್ದವು.

ಆಮೇಲೆ ದ್ಯಾಮವ್ವ ಗುನುಗಿದರು. ನನ್ನ ಹನ್ನೊಂದು ನುಡಿಗಳಲ್ಲಿ ಒಂದು ಸಾಲನ್ನು ಇಟ್ಟುಕೊಂಡಿದ್ದರು, ಅದರ ಪ್ರಶ್ನೆಯನ್ನು ತೆಗೆದಿದ್ದರು.

ಗಾಳಿ ಬಂತು, ಗಾಳಿ ಹೋತು,
ಅವ್ವ ಇಳದು ಬರತಾಳ.

ಇಷ್ಟೇ. ನಾಲ್ಕು ಹೆಜ್ಜೆಗೆ ಒಂದು ಸಾಲು, ನಿಂತಲ್ಲಿ ಉಸಿರು. ಸೋಮನಿಂಗ ಮುಂದಿನದಕ್ಕೆ ಕಾದ. ಇಲ್ಲವೆಂದು ಗೊತ್ತಾದಾಗ ಸಂಕೋಚದಿಂದ ಕೇಳಿದ.

"ಇದರಾಗ ಏನೂ ಇಲ್ಲಲ್ಲ ಯವ್ವಾ."

"ಇಲ್ಲ. ಏನರ ಇದ್ರ ಎಚ್ಚರ ಆಕ್ಕಾರಪ್ಪ."

ಅವನು ಎರಡು ಸುತ್ತು ಹಾಡಿ ನೋಡಿದ. ಬರತಾಳ ಎಂದರೆ ಇನ್ನೂ ಬಂದಿಲ್ಲ ಅನ್ನಿಸುತ್ತದೆ, ಬಂದಾಳ ಎನ್ನಲೇ ಎಂದು ಕೇಳಿದ. ದ್ಯಾಮವ್ವ ತಕ್ಷಣ ಒಪ್ಪಿದರು. ನಲವತ್ತೆಂಟು ವರ್ಷ ಇದೇ ಕೆಲಸ ಮಾಡಿದವರು, ಅಂದೇ ಹಾಡಲು ಕಲಿತವನ ಒಂದು ಪದವನ್ನು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ತೆಗೆದುಕೊಂಡರು. ನಾನಾಗಿದ್ದರೆ ವಾದಿಸದಿದ್ದರೂ ಮನೆಗೆ ಹೋಗಿ ಅತ್ತಿರುತ್ತಿದ್ದೆ.

ಹಿಂದಿರುಗುವಾಗ ಅವರೇ ಹೇಳಿದರು, ತಮ್ಮ ಮೊದಲ ಹಾಡಿಗೆ ಹತ್ತೊಂಬತ್ತು ನುಡಿಯಿತ್ತಂತೆ. ಕೇಳಿದವರೆಲ್ಲ ಹೊಗಳಿದ್ದರಂತೆ, ಆ ಮನೆಯವರು ಮಾತ್ರ ವಾರದೊಳಗೆ ಒದಗಣಿ ಹಚ್ಚಿದ್ದರಂತೆ. ಆಮೇಲೆ ಸ್ವಲ್ಪ ದೂರ ನಡೆದು, ನಿನ್ನ ಹದ್ದಿನ ನುಡಿ ನನಗೆ ಬಾಯಿಪಾಠ ಆಗಿದೆ, ಅದನ್ನು ಕಳೆಯಬೇಡ, ಅದು ಜೋಗುಳವಲ್ಲ ಅಷ್ಟೇ ಎಂದರು. ಈ ವರ್ಷ ನನಗೆ ಸಿಕ್ಕ ಹೊಗಳಿಕೆಯಲ್ಲಿ ನಾನು ನಂಬಿದ್ದು ಇದೊಂದನ್ನೇ.

ನಲವತ್ತನೆಯ ದಿನ ಬೆಳಿಗ್ಗೆ ಯಾರೂ ಕರೆಯದಿದ್ದರೂ ಆ ಮನೆಯ ಬೇಲಿಯ ಹತ್ತಿರ ಹೋಗಿ ನಿಂತೆ. ಹನಮಕ್ಕ ಇರಲಿಲ್ಲ. ಕಣ್ಣು ನೋಡಿ ಹಗ್ಗ ಕೊಟ್ಟಿದ್ದರು. ಗುಡ್ಡದ ಮೂರನೆಯ ಗೋಪುರದ ನಡುವಿಗೆ ಒಂದು ಕೆಂಪು ಚುಕ್ಕೆ ಏರುತ್ತಿತ್ತು. ಅಂಗಳದಲ್ಲಿ ಸೋಮನಿಂಗ ನಡೆಯುತ್ತಾ ಹಾಡುತ್ತಿದ್ದ. ಗಾಳಿ ಬಂತು, ಗಾಳಿ ಹೋತು ಎಂದ. ನಿಂತ. ಎರಡನೆಯ ಸಾಲು ಬರಲೇ ಇಲ್ಲ. ಅವನು ಕೂಸಿನ ಮುಖಕ್ಕೆ ಬಗ್ಗಿ ನೋಡಿದ, ಆಮೇಲೆ ನನ್ನನ್ನು ಕಂಡ, ತುಟಿಯ ಮೇಲೆ ಬೆರಳಿಟ್ಟು ಹೋಗು ಎಂದು ಕೈಮಾಡಿದ. ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು ಬಂದೆ.

ಹಿರಿಯರೇ, ನಿಮ್ಮಲ್ಲಿ ಒಂದು ಕೋರಿಕೆ. ಬರೆಯುವುದನ್ನೋ ಹಾಡುವುದನ್ನೋ ವೃತ್ತಿಯಾಗಿಸಿಕೊಂಡ ಯಾರಾದರೂ ನಿಮ್ಮ ಬೀದಿಯಲ್ಲಿದ್ದರೆ, ಅವರ ಅತಿ ಒಳ್ಳೆಯ ಸಾಲನ್ನು ಅವರೇ ಹೊಡೆದುಹಾಕುವ ದಿನ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರಿ. ಏನೂ ಹೇಳಬೇಕಾಗಿಲ್ಲ. ಅವರಿಂದಲೇ ದ್ಯಾಮವ್ವನಂಥವರು ನಮಗೆ ಸಿಕ್ಕಿರಬೇಕು.

ನಾಡಿದ್ದು ಹೊಸ ವರ್ಷ. ನನಗೆ ಎರಡನೆಯ ಮನೆ ಗೊತ್ತಾಗಿದೆ. ಅವಳಿ ಕೂಸುಗಳು, ಹಾಡುವವರು ಅವುಗಳ ಮುತ್ತಜ್ಜ. ಅವರ ಬಾಯಲ್ಲಿ ಒಂದೂ ಹಲ್ಲಿಲ್ಲ. ಯಾವ ಅಕ್ಷರಗಳು ಅವರ ನಾಲಿಗೆಗೆ ಸುಲಭ ಎಂಬುದು ನನಗಿನ್ನೂ ಗೊತ್ತಿಲ್ಲ. ಮೂರು ದಿನ ಕೂತು ಕೇಳಬೇಕು.

ನಿಮ್ಮವಳು,
ಗಿರಿಮಲ್ಲಿ ಹಮ್ಮಿಗಿ