ಭಾವನ ಟ್ಯಾಕ್ಸಿಗೂ ಅದೇ ಚಕ್ರ

ಜೂನ್ ೧೧, ಮಂಗಳವಾರ.

ಚಕ್ರ ಕಂಡುಹಿಡಿದವನು ಈಗ ಬದುಕಿದ್ದರೆ ಅನುಮಾನ ಬಗೆಹರಿಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಿದ್ದ.

ನನ್ನ ಕಾರಿಗೆ ದೊಡ್ಡ ಚಕ್ರ, ಅಗಲದ ಟೈರು ಹಾಕಿಸಿ ಮೂರು ತಿಂಗಳಾಯಿತು. ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಪೆಟ್ರೋಲು ಉಳಿಯುತ್ತದೆ ಎಂದು ಕಂಡಕಂಡವರಿಗೆಲ್ಲ ಡಂಗುರ ಸಾರಿದೆ. ಲೀಟರಿಗೆ ಹದಿನೆಂಟು ಕಿಲೋಮೀಟರು ಓಡುತ್ತಿದ್ದ ಕಾರು ಈಗ ಹದಿನಾಲ್ಕಕ್ಕೇ ಸುಸ್ತು. "ಭಾರ ಜಾಸ್ತಿ ಆಯ್ತಲ್ಲ ಸಾರ್, ಎಳೆಯೋದು ಎಂಜಿನ್ನು, ನಿಮ್ಮ ಬಾಯಲ್ಲ" ಎಂದ ಮೆಕ್ಯಾನಿಕ್. ಅವತ್ತಿನಿಂದ ಅವನ ಗ್ಯಾರೇಜಿನ ರಸ್ತೆಗೇ ಹೋಗಿಲ್ಲ. ಗುರುತಿನವರು ನೋಡಬಾರದೆಂದು ದೂರದ ಬಂಕಿನಲ್ಲಿ ಪೆಟ್ರೋಲು ಹಾಕಿಸುತ್ತೇನೆ. ಆ ಓಡಾಟಕ್ಕೂ ಪೆಟ್ರೋಲೇ ಬೇಕು, ಕರ್ಮ.

ಇವತ್ತು ಊಟದ ಮಧ್ಯೆ ಭಾವ, "ನೀನು ಹೇಳಿದ ಮೇಲೆ ಮುಗೀತು ಕಣಯ್ಯಾ, ನಾಳೆ ನನ್ನ ಟ್ಯಾಕ್ಸಿಗೂ ಅದೇ ಚಕ್ರ" ಎಂದರು. ಅವರ ಮನೆ ನಡೆಯುವುದೇ ಆ ಟ್ಯಾಕ್ಸಿಯಿಂದ. "ನನ್ನ ತಮ್ಮ ನನಗೆ ಸುಳ್ಳು ಹೇಳ್ತಾನಾ?" ಎಂದು ಅಕ್ಕ ಬೇರೆ ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಬಾಯಿ ಬಿಟ್ಟರೆ ನನ್ನ ಮಾನ ಹೋಗುತ್ತದೆ, ಬಿಡದಿದ್ದರೆ ಅವಳ ಸಂಸಾರ.

ಟೈರಿನಂಗಡಿಗೆ ನನ್ನನ್ನು ಕರೆದೊಯ್ಯಲು ಭಾವ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆ. ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದೇನೆ. ಭಾವ, ಬೇಡ, ಆ ಚಕ್ರದಿಂದ ನಾನು ಸ್ವಲ್ಪ ಕಳೆದುಕೊಂಡೆ.

ಸ್ವಲ್ಪ ಅಲ್ಲ. ಚಕ್ರಕ್ಕೂ ಪೆಟ್ರೋಲಿಗೂ ಸೇರಿ ಅರವತ್ತೊಂದು ಸಾವಿರದ ನಾನೂರು.