ಏಳು ಮಂಜೊಟ್ಟಿ

ಸಿದ್ಧಕಟ್ಟೆ
೨೪-೧-೧೯೫೮

ಪುಷ್ಪಾವತಿಗೆ,

‘ಪ್ರೀತಿಯ’ ಎಂದು ಬರೆದು ಗೀಟು ಹಾಕಿ ಹೊಡೆದಿದ್ದೇನೆ. ಬೇರೆ ಕಾಗದ ತೆಗೆದುಕೊಳ್ಳಬಹುದಿತ್ತು. ಆ ಗೀಟು ನಿನ್ನ ಕಣ್ಣಿಗೆ ಬೀಳಲಿ ಎಂದೇ ಇದರಲ್ಲಿ ಮುಂದುವರಿಸಿದ್ದೇನೆ.

ನಿನ್ನ ಕಾಗದ ನಿನ್ನೆ ಬಂತು. ನಿನ್ನ ಅಣ್ಣ ಜಿನರಾಜರಿಗೆ ನನ್ನನ್ನು ತಂದುಕೊಳ್ಳಲು ನಿನ್ನ ಅಮ್ಮ ಒಪ್ಪಿದ್ದಾರೆ, ಇನ್ನು ನಾನು ನಿನಗೆ ಅತ್ತಿಗೆ ಎಂದು ಕುಣಿದಾಡಿ ಬರೆದಿದ್ದೀ. ಗಡಾಯಿಕಲ್ಲಿನ ಮೇಲೆ ನಡೆದದ್ದರ ಬಗ್ಗೆ ಒಂದಕ್ಷರವಿಲ್ಲ. ನೀನು ಮರೆತರೆ ನಾನೂ ಮರೆಯಬೇಕೆಂದಿಲ್ಲ.

ಮೂಡುಬಿದಿರೆಯ ಶಾಲೆಯಲ್ಲಿದ್ದಾಗ ಎದೆಯಲ್ಲಿ ನೀರು ತುಂಬಿ ನಾನು ಮೂರು ತಿಂಗಳು ಮಲಗಿದ್ದು ನಮ್ಮ ಮನೆಯವರ ಹೊರತು ನಿನಗೊಬ್ಬಳಿಗೆ ಗೊತ್ತಿತ್ತು. ಯಾರಿಗೂ ಹೇಳುವುದಿಲ್ಲವೆಂದು ಬಸದಿಯ ಮೆಟ್ಟಿಲ ಮೇಲೆ ಕೂತು ನೀನೇ ಮಾತು ಕೊಟ್ಟಿದ್ದೆ. ಈಗ ಅದನ್ನು ಅಮ್ಮನ ಕಿವಿಗೆ ಹಾಕಿ, ಇತ್ತ ನನಗೆ ಒಂದು ದಿನ ಗಡಾಯಿಕಲ್ಲಿನ ಕೋಟೆಗೆ ಹತ್ತುವ, ಮೇಲಿನಿಂದ ಭಾರೀ ಚಂದ ಕಾಣ್ತದೆ ಎಂದೆ. ನಾನು ಹೊಸ ಸೀರೆ ಉಟ್ಟು ಬಂದೆ. ನಿನ್ನ ಅಮ್ಮ ಬುಡದಲ್ಲಿ ಉಳಿದರು, ನಿನ್ನ ಅಣ್ಣ ನಮ್ಮ ಜೊತೆ ಹತ್ತಿದರು. ಬುದ್ಧಿಯನ್ನು ಎಲ್ಲಿಟ್ಟಿದ್ದೆನೋ.

ಚಂದ ಕಂಡದ್ದು ಸುಳ್ಳಲ್ಲ. ಒಂದು ಕಡೆ ಕುದುರೆಮುಖದ ಸಾಲು, ಕೆಳಗೆ ಬೆಳ್ತಂಗಡಿಯ ಹೆಂಚುಗಳು, ಚಾರ್ಮಾಡಿಗೆ ಹೋಗುವ ಬಸ್ಸು ಇರುವೆಯಷ್ಟು. ಬೆವರಿದ ಮೈಗೆ ಗಾಳಿ ತಾಗಿದಾಗ, ಇಷ್ಟು ಸಂತೋಷ ನನಗೆ ಎಂದೂ ಆದದ್ದಿಲ್ಲ ಎಂದು ನಿನ್ನ ಕೈ ಹಿಡಿದು ಹೇಳಿದೆ. ಹೇಳಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಆಮೇಲೆ ಬಾಯಾರಿಕೆ. ಕೋಟೆಯ ಕೆರೆಯಲ್ಲಿ ನೀರಿತ್ತು, ಆದರೆ ಸೋಸುವ ಬಟ್ಟೆಯನ್ನು ನೀನು ಕೆಳಗೆ ಅಮ್ಮನ ಬುಟ್ಟಿಯಲ್ಲೇ ಬಿಟ್ಟು ಬಂದಿದ್ದೆ. ಸೋಸದ ನೀರು ನಾವು ಯಾರೂ ಕುಡಿಯುವವರಲ್ಲ. ನಿನ್ನ ಸೊಂಟದಲ್ಲಿದ್ದ ಕರವಸ್ತ್ರ ಎಳೆದುಕೊಂಡು ನಾನು ಗಂಟು ಬಿಚ್ಚಿದೆ. ಕೆಂಪು ಮಂಜೊಟ್ಟಿ ಬೀಜಗಳು ಬಂಡೆಯ ಮೇಲೆ ಉದುರಿದವು. ನಿನ್ನ ಅಣ್ಣ ಹೆಕ್ಕಿ ನನ್ನ ಅಂಗೈಗೆ ಹಾಕಿ, ಇಲ್ಲಿಯೂ ಚೆನ್ನೆಮಣೆ ಆಡುವವರಿದ್ದೀರಾ ಎಂದು ಕೇಳಿದರು.

ನಿನ್ನ ಮುಖ ಬಿಳುಚಿತು. ಅಮ್ಮ ಹೇಳಿದ್ದು ಮಾರಾಯ್ತಿ, ನೀನು ದಮ್ಮು ಕಟ್ಟಿ ಕೂತಾಗಲೆಲ್ಲ ಒಂದೊಂದು ಗಂಟಿಗೆ ಹಾಕಲಿಕ್ಕೆ, ಏಳೇ ಆದದ್ದು, ಹತ್ತರವರೆಗೆ ಅಡ್ಡಿಯಿಲ್ಲವಂತೆ ಎಂದು ನೀನು ಒದರಿದೆ. ದನ ಕೊಳ್ಳುವವರು ಹಲ್ಲು ನೋಡುವುದಾದರೂ ದನದ ಎದುರಿಗೇ. ನಿನ್ನ ಅಣ್ಣ ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅವರು ಕುದುರೆಮುಖ ನೋಡುತ್ತ ನಿಂತರು. ನಾನು ನೀರು ಕುಡಿಯದೆ ಇಳಿದೆ.

ಕೆಳಗೆ ನೀನು ಅಮ್ಮನಿಗೆ ಬೆರಳು ಮಡಚಿ ಏಳೆಂದು ತೋರಿಸಿದ್ದನ್ನು ಕಂಡೆ. ಅವರು ನಕ್ಕು ನನ್ನ ಎಲೆಗೆ ಇನ್ನೊಂದು ಮೂಡೆ ಕಡುಬು ಬಡಿಸಿದರು.

ಆ ಏಳು ಸಲ ನಾನು ಕೂತದ್ದು ಯಾರಿಗಾಗಿ ಎಂದು ಯೋಚಿಸಿದ್ದೀಯಾ? ಏಳೂ ನಿನಗಾಗಿ. ನಿನ್ನ ಮುಖ ಕೆಂಪೇರಿ ಮಾತು ತುಂಡಾಗುತ್ತಿತ್ತು. ಅಣ್ಣನೆದುರು ನಿನಗೆ ಅವಮಾನವಾಗಬಾರದೆಂದು ನನಗೇ ಕಾಲು ನೋವೆಂದು ಹೇಳಿ ನಾನೇ ಮೊದಲು ಕೂರುತ್ತಿದ್ದೆ. ನನ್ನ ಮಗ್ಗುಲಲ್ಲಿ ಕೂತು ಏದುಸಿರು ಬಿಡುತ್ತಲೇ ನೀನು ಬೀಜ ಹಾಕುತ್ತಿದ್ದೆ. ನಿನ್ನಂಥ ಹೊಟ್ಟೆಯೊಳಗಿನ ವೈರಿ ನನಗೆ ಇನ್ನೊಬ್ಬಳಿಲ್ಲ.

ಈ ಸಂಬಂಧ ನನಗೆ ಬೇಡ. ಸೋದರಮಾವನಿಗೆ ಹೇಳಿಯಾಗಿದೆ, ಭಾನುವಾರ ಅವರೇ ಬಂದು ನಿಮ್ಮಲ್ಲಿ ತಿಳಿಸುತ್ತಾರೆ. ಹುಡುಗಿಗೆ ದಮ್ಮು ಸಾಲದು ಎಂದು ಊರಿಗೆ ಬೇಕಾದರೆ ಸಾರಿಕೊಳ್ಳಿ. ನೀನು ಇನ್ನು ನನಗೆ ಬರೆಯಬೇಡ.

ಇಷ್ಟರ ತನಕ ನಿನ್ನ ಗೆಳತಿಯಾಗಿದ್ದ,
ಅನಂತಮತಿ

ತಾ.ಕ.: ಮಂಜೊಟ್ಟಿಗಳನ್ನು ಇದರೊಳಗೆ ಮಡಚಿ ಇಟ್ಟಿದ್ದೇನೆ. ಆರು ಉಂಟು, ಏಳನೆಯದನ್ನು ಹುಡುಕಬೇಡ. ಕೋಟೆಯ ಬಾಗಿಲ ಹತ್ತಿರ ಕೊನೆಯ ಸಲ ಕೂತದ್ದು ನಿನಗಾಗಿ ಅಲ್ಲ. ತಿಂಡಿಯ ಚೀಲ ಹೊತ್ತುಕೊಂಡು ನಿನ್ನ ಅಣ್ಣ ತಿರುವಿನ ಕೆಳಗೆ ಉಳಿದಿದ್ದರು, ಅವರು ಬರಲಿ ಎಂದು ಕೂತೆ. ಆ ಒಂದು ನನ್ನದು, ನನ್ನ ಹತ್ತಿರವೇ ಇರುತ್ತದೆ. ಇದನ್ನು ಯಾರಿಗೂ ಹೇಳಬೇಡ. ನೀನು ಹೇಳುತ್ತೀ ಎಂದು ನನಗೆ ಗೊತ್ತುಂಟು.