ನವಿರೆದ್ದ ನಾರು

ಮಾರ್ಚ್ 4

ಕಾಗದದ ಮಿಲ್ಲಿನ ಲ್ಯಾಬಿನಲ್ಲಿ ಬೆಳಗಿನ ಸ್ಯಾಂಪಲ್ ಮುಗಿಯಿತು. ರಿಫೈನರ್‌ಗೆ ಹೋಗುವ ಮುಂಚಿನ ಪಲ್ಪು, ಅಂದರೆ ನಾರಿನ ಮುದ್ದೆ, ಒಂದು ಸ್ಲೈಡ್, ಹೊರಬಂದದ್ದು ಇನ್ನೊಂದು. ಮೊದಲನೆಯದರಲ್ಲಿ ನಾರು ನುಣ್ಣಗೆ, ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ. ರಿಫೈನರ್‌ನ ಎರಡು ಉಕ್ಕಿನ ತಟ್ಟೆಗಳ ನಡುವೆ ಉಜ್ಜಿಸಿಕೊಂಡು ಬಂದರೆ ಮೇಲಿನ ಸಿಪ್ಪೆ ಸುಲಿದು ಮೈತುಂಬ ನವಿರು. ಆ ನವಿರುಗಳೇ ಒಂದನ್ನೊಂದು ಹಿಡಿದುಕೊಂಡು ಕಾಗದ ಗಟ್ಟಿಯಾಗುವುದು. ಇಷ್ಟು ವರ್ಷ ನೋಡಿದರೂ ಬೇಸರ ಬಂದಿಲ್ಲ.

ಓರಗಿತ್ತಿ ಇವತ್ತು ಇದೇ ಲ್ಯಾಬಿಗೆ ಸೇರಿದಳು. ಸದ್ಯಕ್ಕೆ ಪ್ರೊಬೇಷನ್. ಚೀಫ್ ಹತ್ತಿರ ಶಿಫಾರಸು ಮಾಡಿದ್ದು ನಾನೇ.

ಮಾರ್ಚ್ 9

ಓರಗಿತ್ತಿ ಮೈಕ್ರೋಸ್ಕೋಪಿಗೆ ಫೋನ್ ಹಿಡಿದು ನಾರಿನ ಫೋಟೋ ತೆಗೆದಳಂತೆ. ಚೀಫ್ ಅದನ್ನು ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ದಾರೆ. "ಇಷ್ಟು ದಿನ ಯಾರಿಗೂ ಯಾಕ್ ಹೊಳೀಲಿಲ್ಲ ಇದು?" ಯಾರಿಗೂ ಅಂದರೆ ನನಗೆ. ಲ್ಯಾಬಿನಲ್ಲಿ ಇನ್ಯಾರಿದ್ದರು?

ಮನೆಯಲ್ಲೂ ಅದೇ. ಅತ್ತೆ ಕನ್ನಡಕ ಏರಿಸಿಕೊಂಡು ಅವಳ ಫೋನ್ ನೋಡಿದ್ದೇ ನೋಡಿದ್ದು. "ಅಯ್ಯೋ, ಕಂಬಳಿಹುಳದ ಥರ ಇದೆಯಲ್ಲೇ! ಇದರಿಂದಾನಾ ಕಾಗದ?" ನೀನು ದಿನಾ ಏನು ನೋಡುತ್ತೀಯ ಅಂತ ನನ್ನನ್ನು ಒಂದು ದಿನವೂ ಕೇಳಿದವರಲ್ಲ. ಮಿಲ್ಲಿನ ಡ್ಯೂಟಿ ಮುಗಿಸಿ ಬಂದ ನಮ್ಮ ಯಜಮಾನರೂ ಸೇರಿಕೊಂಡರು. "ಚೆನ್ನಾಗ್ ತೆಗ್ದಿದಾಳೆ ಕಣೆ."

ಹೊಟ್ಟೆ ಉರಿಯಿತು. ಇಲ್ಲಿಯಾದರೂ ನಿಜ ಬರೆಯುತ್ತೇನೆ — ಹೊಟ್ಟೆ ಉರಿಯಿತು.

ಮಾರ್ಚ್ 10

ನನ್ನ ಕನ್ನಡಕ ಒರೆಸಿ ಇಟ್ಟಿದ್ದಳು. ಅದಕ್ಕೂ ಸಿಟ್ಟು ಬಂತು.

ಮಾರ್ಚ್ 17, ಮಧ್ಯಾಹ್ನ

ಪಲ್ಪ್ ಬಿಡಿಸುವ ಮೆಷಿನ್ ರಿಪೇರಿಗೆ ಹೋಗಿದೆ. ರಿಫೈನರ್‌ಗೆ ಹೋಗುವ ಮುಂಚಿನ ಪಲ್ಪು ಗಂಟುಗಂಟು. ನೀರಿನಲ್ಲಿ ಬಿಡಿಸದೆ ಸ್ಲೈಡ್ ಮಾಡಲಾಗದು. ಮೆಷಿನ್‌ನ ರೆಕ್ಕೆ ಮೊಂಡು. ನಾರನ್ನು ಬಿಡಿಸುತ್ತದೆ, ಕೆರೆಯುವುದಿಲ್ಲ. ಅದಕ್ಕೇ ಅದು ಮೊಂಡಾಗಿರುವುದು.

ಓರಗಿತ್ತಿ ಕ್ಯಾಂಟೀನಿನ ಜ್ಯೂಸ್ ಮಿಕ್ಸಿ ಹೊತ್ತುಕೊಂಡು ಬಂದಳು. ಗರ್ ಅಂತ ತಿರುಗಿಸಿದಳು. ಆ ಹರಿತ ಬ್ಲೇಡಿಗೆ ಸಿಕ್ಕಿದ ನಾರು ರಿಫೈನರ್ ಕಾಣುವ ಮೊದಲೇ ನವಿರೆದ್ದು ಕೂರುತ್ತದೆ! ಬಾಗಿಲಲ್ಲೇ ನಿಂತು ನೋಡಿದೆ. ನನ್ನನ್ನು ಕಂಡು ನಕ್ಕಳು. "ಹೆಂಗಿದೆ ಅಕ್ಕ ನನ್ ಐಡಿಯಾ?"

"ನಡೀಲಿ" ಅಂದೆ.

ಮಾರ್ಚ್ 18

ಅಂದುಕೊಂಡ ಹಾಗೇ ಆಯಿತು. ರಿಫೈನರ್‌ಗೆ ಮುಂಚಿನ, ಆಮೇಲಿನ ಎರಡೂ ಫೋಟೋಗೂ ಹೆಚ್ಚು ವ್ಯತ್ಯಾಸ ಇಲ್ಲ. ಚೀಫ್ ಕುಣಿದಾಡಿಬಿಟ್ಟರು. "ಹಂಗಾದ್ರೆ ರಿಫೈನರ್ ಸುಮ್ನೆ ಕರೆಂಟ್ ತಿಂತಿದೆ!" ಸೋಮವಾರ ಟ್ರಯಲ್. ತಟ್ಟೆಗಳನ್ನು ದೂರ ಸರಿಸಿ, ಉಜ್ಜುವುದನ್ನು ಅರ್ಧಕ್ಕರ್ಧ ಇಳಿಸುವುದಂತೆ. ಓರಗಿತ್ತಿಯ ಮುಖ ಊರಗಲ.

ಇರಲಿ. ಸೋಮವಾರ ಅವಳ ತಪ್ಪು ಎಲ್ಲರೆದುರಿಗೆ ಗೊತ್ತಾಗಲಿ. ಪ್ರೊಬೇಷನ್‌ನಲ್ಲೇ ಅವಳ ಕೆಲಸ ಮುಗಿಯುತ್ತದೆ. ಆಮೇಲೆ ಗೋಡೆಯ ಫೋಟೋ ನಾನೇ ಕೀಳುತ್ತೇನೆ, ಅಂಟಿನ ಕಲೆ ಉಳಿಯದ ಹಾಗೆ.

ಮಾರ್ಚ್ 22, ಭಾನುವಾರ ಸಂಜೆ

ಊಟದ ಮೇಜಿನಲ್ಲಿ ಇವರು ಅಂದರು, "ನಾಳೆ ಟ್ರಯಲ್‌ಗೆ ಪೇಪರ್ ಮೆಷಿನ್ ಮೇಲೆ ನಂದೇ ಡ್ಯೂಟಿ."

ಅವಳು ಬೀಳುವುದನ್ನೇ ನೆನೆಯುತ್ತಿದ್ದವಳಿಗೆ ಅಲ್ಲಿ ನಿಲ್ಲುವವರು ಯಾರು ಅಂತ ಹೊಳೆದೇ ಇರಲಿಲ್ಲ. ಅರ್ಧಕ್ಕರ್ಧ ಉಜ್ಜಿ ನವಿರೇಳದ ನಾರು ಒಂದನ್ನೊಂದು ಹಿಡಿಯುವುದಿಲ್ಲ. ಹಸಿ ಹಾಳೆ ಮತ್ತೆ ಮತ್ತೆ ಹರಿಯುತ್ತದೆ. ಹರಿದಾಗಲೆಲ್ಲ ತಿರುಗುವ ರೋಲರ್‌ಗಳ ಪಕ್ಕ ಕೈಚಾಚಿ ಹಾಳೆಯ ತುದಿಯನ್ನು ಮುಂದಕ್ಕೆ ದಾಟಿಸಬೇಕು ಇವರು. ಇವರಿಗೆ ಕೆಲಸ ಕಲಿಸಿದ ಆಪರೇಟರ್‌ನ ಎಡಗೈಯಲ್ಲಿ ಎರಡು ಬೆರಳಿಲ್ಲ.

ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದಳು. "ಭಾವ, ನಂಗೂ ಸ್ವಲ್ಪ ಅನುಮಾನ ಇತ್ತು, ಮಿಕ್ಸಿ ಅಲ್ವಾ ಅಂತ. ಚೀಫ್ ಕೇಳಿದ್ರು ಕೂಡ. 'ಅಕ್ಕಾನೇ ನಿಂತು ನೋಡಿದಾರೆ ಸಾರ್, ತಪ್ಪಾಗಿದ್ರೆ ಸುಮ್ನಿರ್ತಿದ್ರಾ' ಅಂದೆ. ಅವರು ಆಮೇಲೆ ಒಂದು ಮಾತೂ ಕೇಳ್ಲಿಲ್ಲ."

"ಮತ್ತೆ? ಇವಳು ನೋಡಿದಾಳೆ ಅಂದ್ಮೇಲೆ ಮುಗೀತು" ಅಂದರು ಇವರು. ಅತ್ತೆಯೂ ತಲೆ ಆಡಿಸಿದರು.

ಇಷ್ಟು ವರ್ಷ ಕಾದಿದ್ದ ಮಾತು. ಇವತ್ತೇ ಬರಬೇಕಿತ್ತೆ? ತಟ್ಟೆ ಸರಿಸಿ ಎದ್ದು ಬಂದೆ.

ಹೇಳಬೇಕು. ಹೇಳಿದರೆ, ಅವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ. ಇವರ ಮುಖ ಹೇಗಾಗುತ್ತದೋ... ಇಷ್ಟಾದರೂ ಒಳಗೊಂದು ಹಾಳು ಮನಸ್ಸು — ಇವರಿಗೆ ರಜೆ ಹಾಕಿಸು, ಟ್ರಯಲ್ ಆಗಲಿ, ಅವಳು ಬೀಳಲಿ — ಅನ್ನುತ್ತಲೇ ಇದೆ. ಆದರೆ ಇವರಲ್ಲದಿದ್ದರೆ ರೋಲರ್ ಪಕ್ಕ ಇನ್ನೊಬ್ಬರ ಕೈ.

ಅವಳನ್ನು ಕರೆದೆ. "ಬಂದೇ ಅಕ್ಕಾ" ಅಂದಳು ಆಚೆಯಿಂದ. ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಕೈಯಲ್ಲಿ ಇವರ ನಾಳೆಯ ಡ್ಯೂಟಿ ಶರ್ಟು, ಅರ್ಧ ಮಡಿಸಿದ್ದು. ಕಿತ್ತ ಗುಂಡಿ ಹೊಲಿದಿದ್ದಾಳೆ, ನಾನು ಮರೆತದ್ದನ್ನು. ಅದಕ್ಕೂ ಹೊಟ್ಟೆ ಉರಿ—

ಇಲ್ಲ. ಮೊದಲು ಪೆನ್ನು ಕೆಳಗಿಟ್ಟು ಮಿಕ್ಸಿಯ ವಿಷಯ ಹೇಳಿಬಿಡುತ್ತೇನೆ.